ಮನೆಯಂಗಳದ ಕಾಂಕ್ರೀಟ್: ಪರ್ವತದ ಚಳಿ, ಸವೆತ ಮತ್ತು ಮೇಲ್ಪದರ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ರಾಕಿ ಪರ್ವತಗಳ ಪೂರ್ವ ತಪ್ಪಲಿಗೆ ಅಂಟಿಕೊಂಡಿರುವ ಫೋರ್ಟ್ ಕಾಲಿನ್ಸ್, ಬೌಲ್ಡರ್, ಡೆನ್ವರ್, ಕೊಲರಾಡೊ ಸ್ಪ್ರಿಂಗ್ಸ್ ಮೊದಲಾದ ಊರುಗಳಲ್ಲಿ ಮನೆಯ ಸುತ್ತಲಿನ ಕಾಂಕ್ರೀಟ್ ಮನೆಗಿಂತ ಬಹಳ ಮೊದಲೇ ಮುದಿಯಾಗುತ್ತದೆ. ಗ್ಯಾರೇಜಿನ ಮುಂದಿನ ಡ್ರೈವ್‌ವೇ, ಬಾಗಿಲಿಗೆ ಹೋಗುವ ಕಾಲುದಾರಿ, ಹಿತ್ತಲಿನ ಪ್ಯಾಟಿಯೊ, ಬೀದಿಬದಿಯ ಫುಟ್‌ಪಾತ್ ಇವೆಲ್ಲ ಸಾಮಾನ್ಯವಾಗಿ ನಾಲ್ಕು ಅಂಗುಲ, ಅಂದರೆ ಸುಮಾರು 100 ಮಿ.ಮೀ. ದಪ್ಪದ ಹಾಸುಗಳು. ಮೇಲೆ ಸೂರಿಲ್ಲ, ಕೆಳಗೆ ತಳಪಾಯವಿಲ್ಲ. ಹೊಸದರಲ್ಲಿ ಒಂದೇ ಸಮನಾಗಿದ್ದ ಮೇಲ್ಮೈ ಕೆಲವು ಚಳಿಗಾಲ ಕಳೆಯುವಷ್ಟರಲ್ಲಿ ಹೊಪ್ಪಳೆ ಏಳುತ್ತದೆ, ಗಾರೆ ಉದುರಿ ಜಲ್ಲಿ ಹೊರಗೆ ಇಣುಕುತ್ತದೆ. ಮೇಲೊಂದು ಹೊಸ ಪದರ ಬಳಿದರೆ ಸಾಕೆ, ಅಥವಾ ಇಡೀ ಹಾಸನ್ನು ಒಡೆದು ತೆಗೆಯಬೇಕೆ ಎಂಬ ಪ್ರಶ್ನೆ ಆಗ ಏಳುತ್ತದೆ. ಅಂಗಡಿಯಲ್ಲಿ ಮಾರುವ ರೆಡಿಮೇಡ್ ಪುಡಿಯ ಚೀಲ ಈ ಪ್ರಶ್ನೆಗೆ ಒಂದೇ ಉತ್ತರ ಕೊಡುತ್ತದೆ. ಹಾಸು ಯಾಕೆ ಕೆಟ್ಟಿತೆಂದು ವಿಚಾರಿಸದೆ ಆ ಉತ್ತರ ನಂಬಿದರೆ ಹೊಸ ಪದರವೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಡೆನ್ವರ್ ಸಮುದ್ರಮಟ್ಟದಿಂದ 1,609 ಮೀಟರ್ ಎತ್ತರದಲ್ಲಿದೆ. ಅಲ್ಲಿ ಜನವರಿಯ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್, ಕನಿಷ್ಠ ಸುಮಾರು ಮೈನಸ್ 7. ನಡುಚಳಿಗಾಲದ ಸಾಮಾನ್ಯ ದಿನವೊಂದರಲ್ಲೇ ನೀರು ಒಮ್ಮೆ ಹೆಪ್ಪುಗಟ್ಟಿ ಒಮ್ಮೆ ಕರಗುತ್ತದೆ ಎಂಬುದು ಇದರ ಅರ್ಥ. ವಾರಗಟ್ಟಲೆ ಸೊನ್ನೆಯ ಕೆಳಗೇ ಉಳಿಯುವ ಉತ್ತರದ ಬಯಲುಸೀಮೆಯ ಊರುಗಳಲ್ಲಿ ಚಳಿ ಇದಕ್ಕಿಂತ ಕಟುವಾಗಿದ್ದರೂ ಕಾಂಕ್ರೀಟಿನೊಳಗಿನ ನೀರು ಒಮ್ಮೆ ಗಟ್ಟಿಯಾದರೆ ಗಟ್ಟಿಯಾಗಿಯೇ ಇರುತ್ತದೆ. ಹಾಸಿಗೆ ಪೆಟ್ಟು ಬೀಳುವುದು ಚಳಿಯ ಆಳದಿಂದ ಅಷ್ಟಾಗಿ ಅಲ್ಲ, ಸೊನ್ನೆಯ ಗೆರೆಯನ್ನು ದಾಟುವ ಸಲಗಳಿಂದ. ಎತ್ತರದ ತೆಳುಗಾಳಿಯಲ್ಲಿ ಬಿಸಿಲು ಚುರುಕು. ಬಿದ್ದ ಹಿಮ ಮಧ್ಯಾಹ್ನಕ್ಕೆ ಕರಗಿ ಹರಿದು, ಸಂಜೆಗೆ ಹರಿದ ಜಾಗದಲ್ಲೇ ಮಂಜುಗಡ್ಡೆಯಾಗುತ್ತದೆ. ಒಂದೇ ಬೀದಿಯಲ್ಲಿ ದಕ್ಷಿಣಕ್ಕೆ ಮುಖಮಾಡಿದ ಮನೆಯ ಡ್ರೈವ್‌ವೇ ಬೇಗ ಒಣಗಿದರೆ, ಎದುರು ಸಾಲಿನ ಮನೆಯ ನೆರಳಿನಲ್ಲಿ ಗಡ್ಡೆ ವಾರಗಟ್ಟಲೆ ಉಳಿಯುತ್ತದೆ.

ಈ ಸೀಮೆ ಒಣಸೀಮೆಯೂ ಹೌದು. ಡೆನ್ವರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮದ ನೀರು ಒಟ್ಟು 400 ಮಿ.ಮೀ. ಕೂಡ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಹಾಸು ಎಲ್ಲ ಕಡೆಯೂ ಸಮನಾಗಿ ಕೆಡದೆ, ನೀರು ನಿಲ್ಲುವ ಕಡೆ ಮೊದಲು ಕೆಡುತ್ತದೆ: ಚಾವಣಿಯ ನೀರಿಳಿಯುವ ಕೊಳವೆಯ ಬಾಯಿ, ಹುಲ್ಲುಹಾಸಿನ ಸ್ಪ್ರಿಂಕ್ಲರ್ ಸಿಡಿಯುವ ಅಂಚು, ಸಲಿಕೆಯಲ್ಲಿ ಎತ್ತಿದ ಹಿಮವನ್ನು ಗುಡ್ಡೆಹಾಕುವ ಮೂಲೆ, ಕಾರಿನ ಚಕ್ರ ನಿಲ್ಲುವ ಎರಡು ಪಟ್ಟೆ. ಸವೆತದ ಈ ನಕ್ಷೆಯನ್ನು ಓದಿದರೆ ರೋಗದ ಅರ್ಧ ಕಾರಣ ಅಲ್ಲೇ ಸಿಗುತ್ತದೆ.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಗಟ್ಟಿಯಾದ ಸಿಮೆಂಟಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ತುಂಬಿರುತ್ತವೆ. ಅವು ಅರ್ಧಂಬರ್ಧ ಒದ್ದೆಯಾಗಿದ್ದರೆ ಹಿಗ್ಗಿದ ಗಡ್ಡೆಗೆ ಜಾಗ ಉಳಿದಿರುತ್ತದೆ, ತೊಂದರೆಯಿಲ್ಲ. ನೀರು ರಂಧ್ರಗಳ ಸುಮಾರು ಶೇ. 86ನ್ನು ಮೀರಿ ತುಂಬಿದಾಗ ಅಪಾಯ ಶುರುವಾಗುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಸೋಸಿಯೇಷನ್ನಿನಲ್ಲಿದ್ದ ಟಿ. ಸಿ. ಪವರ್ಸ್ 1945ರಲ್ಲಿ ಇದನ್ನು ಜಲಒತ್ತಡದ ಸಿದ್ಧಾಂತವಾಗಿ ಮಂಡಿಸಿದರು: ಗಡ್ಡೆಯಾಗುತ್ತಿರುವ ನೀರು ಗಡ್ಡೆಯಾಗದ ನೀರನ್ನು ಕಿರುರಂಧ್ರಗಳ ಮೂಲಕ ಮುಂದಕ್ಕೆ ತಳ್ಳುತ್ತದೆ, ಆ ನೂಕಿಗೆ ಹತ್ತಿರದಲ್ಲೇ ಬಿಡುವು ಸಿಗದಿದ್ದರೆ ಸಿಮೆಂಟು ಒಳಗಿನಿಂದ ಸೀಳುತ್ತದೆ. 1953ರಲ್ಲಿ ಹೆಲ್ಮತ್ ಜೊತೆ ಮಾಡಿದ ಕೆಲಸದಲ್ಲಿ ಅವರೇ ಈ ಚಿತ್ರವನ್ನು ತಿದ್ದಿ, ನೀರು ಗಡ್ಡೆಯಿಂದ ದೂರ ಓಡುವುದಕ್ಕಿಂತ ಗಡ್ಡೆಯ ಕಡೆಗೇ ಸೆಳೆಯಲ್ಪಡುವ ಸಂದರ್ಭಗಳನ್ನೂ ತೋರಿಸಿದರು. ವಿವರಣೆ ಬದಲಾದರೂ ಮದ್ದು ಬದಲಾಗಲಿಲ್ಲ. ಕಾಂಕ್ರೀಟಿನ ಯಾವ ಬಿಂದುವಿನಿಂದ ಹೊರಟರೂ ಸುಮಾರು 0.2 ಮಿ.ಮೀ. ಒಳಗೆ ಒಂದು ಗಾಳಿಗುಳ್ಳೆ ಸಿಗುವಂತಿರಬೇಕು.

ಆ ಗುಳ್ಳೆಗಳ ಗುಣ ತಿಳಿದದ್ದು 1930ರ ದಶಕದಲ್ಲಿ, ಬಹುಮಟ್ಟಿಗೆ ಆಕಸ್ಮಿಕವಾಗಿ. ಕೆಲವು ರಸ್ತೆಗಳು ಪಕ್ಕದ ರಸ್ತೆಗಳಿಗಿಂತ ಚೆನ್ನಾಗಿ ಚಳಿ ತಡೆದವು. ಸಿಮೆಂಟ್ ಅರೆಯುವಾಗ ಬೆರೆತ ಕೊಬ್ಬಿನಂಥ ಪದಾರ್ಥ ಕಾಂಕ್ರೀಟಿನಲ್ಲಿ ನೊರೆ ಎಬ್ಬಿಸಿ ಸಣ್ಣ ಗುಳ್ಳೆಗಳನ್ನು ಉಳಿಸಿತ್ತು ಎಂದು ಆಮೇಲೆ ಗೊತ್ತಾಯಿತು. ಈಗ ಅದಕ್ಕೆಂದೇ ರಾಸಾಯನಿಕ ಬೆರೆಸುತ್ತಾರೆ. ಕರ್ನಾಟಕದಲ್ಲಿ ಕಾಂಕ್ರೀಟ್ ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲದ್ದರಿಂದ ಇಲ್ಲಿನ ಮೇಸ್ತ್ರಿಗಳಿಗೆ ಈ ಗುಳ್ಳೆಯ ಗೊಡವೆ ಬೇಕಾಗುವುದಿಲ್ಲ. ಇಲ್ಲಿ ಗಾಳಿ ಉಳಿದ ಕಾಂಕ್ರೀಟ್ ಎಂದರೆ ಕೆಟ್ಟ ಕಾಂಕ್ರೀಟ್. ಆದರೆ ಲೇಹ್, ಸ್ಪಿತಿಯಂಥ ಕಡೆಗಳು ಭಾರತದಲ್ಲೂ ಇವೆ. ಭಾರತೀಯ ಮಾನಕ ಐ.ಎಸ್. 456 ಹೆಪ್ಪುಗಟ್ಟಿ ಕರಗುವ ಜಾಗಗಳಲ್ಲಿ ಎಂ-50ಕ್ಕಿಂತ ಕಡಿಮೆ ದರ್ಜೆಯ ಕಾಂಕ್ರೀಟಿಗೆ, 20 ಮಿ.ಮೀ. ಜಲ್ಲಿಯಾದರೆ ಶೇ. 5ರ ಆಸುಪಾಸು ಗಾಳಿ ಇರಬೇಕೆಂದು ಹೇಳುತ್ತದೆ. ಚಳಿಯಲ್ಲಿ ಕಾಂಕ್ರೀಟ್ ಹಾಕುವ ವಿಧಾನಕ್ಕೆ ಐ.ಎಸ್. 7861ರ ಎರಡನೆಯ ಭಾಗವೇ ಮೀಸಲು.

ಉಪ್ಪಿನ ಕಥೆ ಬೇರೆ. ಹಿಮ ಕರಗಿಸಲು ಎರಚುವ ಉಪ್ಪು ಹೆಚ್ಚಾದಷ್ಟೂ ಹಾನಿ ಹೆಚ್ಚು ಎಂದು ತೋರುವುದು ಸಹಜ. ಆದರೆ ವರ್ಬೆಕ್ ಮತ್ತು ಕ್ಲೀಗರ್ 1957ರಲ್ಲಿ ತೋರಿಸಿದಂತೆ ಮೇಲ್ಮೈಯನ್ನು ಅತಿ ಕೆಟ್ಟದಾಗಿ ಸುಲಿಯುವುದು ಶೇ. 3–4ರ ತೆಳು ಉಪ್ಪುನೀರು. ಅರ್ಧ ಶತಮಾನದ ಬಳಿಕ ವಾಲೆಂಜಾ ಮತ್ತು ಶೆರರ್ ಇದಕ್ಕೊಂದು ಯಾಂತ್ರಿಕ ಕಾರಣ ಕೊಟ್ಟರು. ತಾಪ ಇಳಿದಂತೆ ಮಂಜುಗಡ್ಡೆ ಕಾಂಕ್ರೀಟಿಗಿಂತ ಸುಮಾರು ಐದು ಪಟ್ಟು ಕುಗ್ಗುತ್ತದೆ. ಹಾಸಿಗೆ ಅಂಟಿದ ತೆಳು ಗಡ್ಡೆಯಲ್ಲಿ ಸ್ವಲ್ಪ ಉಪ್ಪಿದ್ದರೆ ಅದು ದುರ್ಬಲವಾಗಿ ಬಿರಿಯುತ್ತದೆ, ಬಿರಿಯುವಾಗ ಅಂಟಿಕೊಂಡ ಸಿಮೆಂಟನ್ನೂ ಚಕ್ಕೆಯಾಗಿ ಎಬ್ಬಿಸುತ್ತದೆ. ಉಪ್ಪೇ ಇಲ್ಲದ ಗಡ್ಡೆ ಬಿರಿಯದಷ್ಟು ಗಟ್ಟಿ. ಉಪ್ಪು ಬಹಳವಿದ್ದರೆ ಗಡ್ಡೆ ಮೆತ್ತಗಾಗಿ ಎಳೆಯಲಾರದು. ಹಾನಿ ಇರುವುದು ನಡುವೆ. ದುರದೃಷ್ಟವೆಂದರೆ ಕರಗಿದ ಹಿಮದಲ್ಲಿ ಬೆರೆತು ಮನೆಯಂಗಳದಲ್ಲಿ ಉಳಿಯುವುದು ಸಾಮಾನ್ಯವಾಗಿ ಅಂಥ ತೆಳು ಉಪ್ಪುನೀರೇ.

ಮನೆಯವರು ಉಪ್ಪು ಎರಚದಿದ್ದರೂ ಅದು ಬಂದು ಸೇರುತ್ತದೆ. ಕೊಲರಾಡೊದ ಹೆದ್ದಾರಿಗಳಿಗೆ ಮೆಗ್ನೀಸಿಯಮ್ ಕ್ಲೋರೈಡ್ ದ್ರಾವಣ ಸಿಂಪಡಿಸುತ್ತಾರೆ. ಕಾರಿನ ಅಡಿಗೆ ಮೆತ್ತಿದ ಕೆಸರುಹಿಮ ಗ್ಯಾರೇಜಿನಲ್ಲಿ ತೊಟ್ಟಿಕ್ಕುತ್ತದೆ. ಮೆಗ್ನೀಸಿಯಮ್ ಮತ್ತು ಕ್ಯಾಲ್ಸಿಯಮ್ ಕ್ಲೋರೈಡುಗಳು ಸಾಂದ್ರವಾದಾಗ ಸಿಮೆಂಟಿನ ಸುಣ್ಣದ ಜೊತೆ ಕೂಡಿ ಹಿಗ್ಗುವ ಲವಣಗಳನ್ನು ಹುಟ್ಟಿಸುತ್ತವೆ, ಅದೂ ಸೊನ್ನೆಗಿಂತ ಮೇಲಿನ ತಾಪದಲ್ಲೇ. ಅಮೋನಿಯಮ್ ನೈಟ್ರೇಟ್, ಅಮೋನಿಯಮ್ ಸಲ್ಫೇಟ್ ಇರುವ ಗೊಬ್ಬರಗಳನ್ನು ಹಿಮಕ್ಕೆ ಎರಚುವುದಂತೂ ಕಾಂಕ್ರೀಟನ್ನು ನೇರವಾಗಿ ತಿನ್ನಿಸಿದಂತೆ.

ಹುಟ್ಟಿನಲ್ಲೇ ಕೆಟ್ಟ ಹಾಸುಗಳೂ ಕಡಿಮೆಯಿಲ್ಲ. ಕಾಂಕ್ರೀಟ್ ಸುರಿದ ಮೇಲೆ ನೀರು ಮೇಲಕ್ಕೆ ತೇಲಿ ಬರುತ್ತದೆ. ಅದು ಆರುವ ಮೊದಲೇ ಕರಣೆ ಆಡಿಸಿದರೆ ಆ ನೀರು ಮೇಲಿನ ಎರಡು ಮೂರು ಮಿ.ಮೀ. ಗಾರೆಯಲ್ಲೇ ಸೇರಿ, ನೀರು ಹೆಚ್ಚಿದ ದುರ್ಬಲ ತೊಗಟೆಯಾಗುತ್ತದೆ. ಸುಲಭವಾಗಲೆಂದು ಮೇಲೆ ನೀರು ಚಿಮುಕಿಸಿ ಉಜ್ಜಿದರೂ ಅದೇ ಫಲ. ಗಾಳಿಗುಳ್ಳೆಯ ಕಾಂಕ್ರೀಟನ್ನು ಉಕ್ಕಿನ ಕರಣೆಯಿಂದ ನುಣುಪು ಮಾಡಿದರೆ ಮೇಲ್ಮೈಯ ಗುಳ್ಳೆಗಳು ಸತ್ತು, ತೊಗಟೆಯ ಕೆಳಗೆ ಗಾಳಿ ನೀರು ಸಿಕ್ಕಿಬೀಳುತ್ತವೆ. ಹೊರಾಂಗಣದ ಹಾಸಿಗೆ ಪೊರಕೆ ಎಳೆದ ಗೀರುಮೈಯೇ ಸರಿ ಎನ್ನುವುದು ಇದಕ್ಕಾಗಿ. ಅಕ್ಟೋಬರ್ ಕೊನೆಯಲ್ಲಿ ಅವಸರದಿಂದ ಸುರಿದ ಹಾಸು ಬಲಿಯುವ ಮೊದಲೇ ಮೊದಲ ಹಿಮ ಬೀಳುವುದುಂಟು. ಹಸಿ ಕಾಂಕ್ರೀಟ್ ಸುಮಾರು 3.5 ಮೆಗಾಪ್ಯಾಸ್ಕಲ್ ಬಲ ಗಳಿಸುವ ಮುನ್ನ ಒಮ್ಮೆ ಹೆಪ್ಪುಗಟ್ಟಿದರೂ ಆ ಗಾಯ ಮಾಯುವುದಿಲ್ಲ. ಹುಟ್ಟಿನ ಈ ದೋಷಗಳಲ್ಲಿ ಒಂದು ಸಮಾಧಾನವಿದೆ. ತೊಗಟೆ ಮಾತ್ರ ಕೆಟ್ಟು ಒಳಗಿನ ಹಾಸು ಗಟ್ಟಿಯಾಗಿದ್ದರೆ, ಮೇಲ್ಪದರಕ್ಕೆ ಅದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ.

ಹಾಸಿನ ಕೆಳಗಿನ ಮಣ್ಣು ಮೂರನೆಯ ಕಕ್ಷಿದಾರ. ಡೆನ್ವರಿನಲ್ಲಿ ಹೆಪ್ಪು ಇಳಿಯುವ ಆಳವನ್ನು 36 ಅಂಗುಲವೆಂದು ಹಿಡಿದು ಮನೆಯ ತಳಪಾಯ ಹಾಕುತ್ತಾರೆ. ನಾಲ್ಕು ಅಂಗುಲದ ಅಂಗಳದ ಹಾಸು ಆ ಹೆಪ್ಪಿನ ಮೇಲೇ ಕೂತಿರುತ್ತದೆ. ಮಣ್ಣು ಉಬ್ಬುವುದು ನೀರಿನ ಶೇ. 9ರ ಹಿಗ್ಗಿನಿಂದ ಮಾತ್ರ ಎಂಬ ನಂಬಿಕೆಯನ್ನು ಸ್ಟೀಫನ್ ಟೇಬರ್ 1930ರ ಹೊತ್ತಿಗೆ ಒಂದು ಚೆಂದದ ಪ್ರಯೋಗದಿಂದ ಮುರಿದರು. ಹೆಪ್ಪುಗಟ್ಟಿದಾಗ ಕುಗ್ಗುವ ಬೆಂಜೀನನ್ನು ಮಣ್ಣಿಗೆ ಉಣಿಸಿ ತಣಿಸಿದರೂ ಮಣ್ಣು ಉಬ್ಬಿತು. ಕೆಳಗಿನಿಂದ ದ್ರವ ಸೆಳೆದುಕೊಂಡು ಪದರಪದರವಾಗಿ ಬೆಳೆಯುವ ಗಡ್ಡೆಯೇ ನೆಲವನ್ನು ಎತ್ತುತ್ತದೆ. ನುಣ್ಣನೆಯ ಹೂಳುಮಣ್ಣು, ಕೆಳಗೆ ನೀರು, ಮೇಲೆ ಚಳಿ ಮೂರೂ ಸೇರಿದರೆ ಇದು ನಡೆಯುತ್ತದೆ. ಹಾಸಿನಡಿ ದಪ್ಪ ಜಲ್ಲಿ ಹರಡಿದರೆ ನೀರಿನ ಸೆಳೆತ ಕಡಿಯುತ್ತದೆ. ಪರ್ವತದ ತಪ್ಪಲಿನಲ್ಲಿ ಇದರ ಜೊತೆಗೆ ಇನ್ನೊಂದು ಕಾಟ: ಪಿಯರ್ ಶೇಲ್ ಮೊದಲಾದ ಶಿಲಾಸ್ತರಗಳಿಂದ ಬಂದ ಜೇಡಿ, ನಮ್ಮ ಎರೆಭೂಮಿಯ ಹಾಗೆ ನೀರು ಕುಡಿದು ಉಬ್ಬಿ ಒಣಗಿ ಬಿರಿಯುತ್ತದೆ. ಕೊಲರಾಡೊದಲ್ಲಿ ಹೊಸ ಮನೆ ಮಾರುವವರು ಮಣ್ಣಿನ ವರದಿಯನ್ನು ಕೊಳ್ಳುವವರ ಕೈಗೆ ಕೊಡಬೇಕೆಂಬ ಕಾನೂನೇ ಇದೆ. ಮಣ್ಣು ಹೀಗೆ ಎತ್ತಿ ಇಳಿಸುವ ಹಾಸಿನ ಮೇಲೆ ಎಂಥ ದುಬಾರಿ ಪದರ ಹಾಕಿದರೂ ಹಳೆಯ ಬಿರುಕು ಹೊಸ ಮೈಯಲ್ಲಿ ಅದೇ ಗೆರೆಯಲ್ಲಿ ಮೂಡುತ್ತದೆ.

ಆದ್ದರಿಂದ ಪರೀಕ್ಷೆ ಮೊದಲು. ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ಜಾಗ ಕಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಬೊದ್ ಎಂದು ಟೊಳ್ಳು ಹೇಳುತ್ತದೆ. ದೊಡ್ಡ ಹಾಸಿನ ಮೇಲೆ ಸರಪಳಿ ಎಳೆದು ಅದೇ ದನಿ ಕೇಳುವ ಪದ್ಧತಿಯೂ ಇದೆ. ಬಿರುಕಿನ ಎರಡು ದಡಗಳು ಒಂದೇ ಮಟ್ಟದಲ್ಲಿವೆಯೇ, ಬೇಸಿಗೆ ಚಳಿಗಾಲಗಳಲ್ಲಿ ಅಗಲ ಬದಲಾಗುತ್ತದೆಯೇ ಎಂದು ನೋಡಬೇಕು. ಮಟ್ಟ ತಪ್ಪಿದ್ದರೆ ಅದು ಮಣ್ಣಿನ ತಕರಾರು. ಜಾಯಿಂಟುಗಳ ಅಂಚಿನಲ್ಲಿ ಅವಕ್ಕೆ ಸಮಾನಾಂತರವಾಗಿ ಸಣ್ಣ ಬಿರುಕುಗಳು ಗುಂಪುಗಟ್ಟಿದ್ದರೆ ಜಲ್ಲಿಯೇ ನೀರು ಕುಡಿದು ಒಡೆಯುತ್ತಿದೆ, ಹಾಸು ಆಳದಿಂದ ಹೋಗಿದೆ ಎಂದು ತಿಳಿಯಬೇಕು. ಅಲ್ಲಲ್ಲಿ ಬಟ್ಟಲಿನಂಥ ಗುಳಿ ಬಿದ್ದು ತಳದಲ್ಲಿ ಒಡೆದ ಕಲ್ಲು ಕಂಡರೆ ಅಷ್ಟು ಚಿಂತೆಯಿಲ್ಲ. ಒಟ್ಟಿನಲ್ಲಿ ತೆಳು ಮೇಲ್ಪದರ ಒಪ್ಪುವುದು ಕೂತ ಜಾಗ ಬಿಡದ, ಒಳಗೆ ಗಟ್ಟಿಯಿರುವ, ಮೈ ಮಾತ್ರ ಸುಲಿದ ಹಾಸಿಗೆ. ಒಂದು ಮಾತನ್ನು ಮಾತ್ರ ಮರೆಮಾಚಬಾರದು: ಮೂಲ ಕಾಂಕ್ರೀಟಿನಲ್ಲಿ ಗಾಳಿಗುಳ್ಳೆಯೇ ಇಲ್ಲದಿದ್ದರೆ, ಮೇಲ್ಪದರದ ಕೆಳಗೂ ಅದು ಉದುರುವುದನ್ನು ಮುಂದುವರಿಸಬಲ್ಲದು. ತುಂಡು ಕೊರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಗೊತ್ತಾಗುತ್ತದೆ, ಆದರೆ ಒಂದು ಡ್ರೈವ್‌ವೇಗಾಗಿ ಯಾರೂ ಆ ಖರ್ಚಿಗೆ ಹೋಗುವುದಿಲ್ಲ.

ಸಾಮಗ್ರಿಗಳಲ್ಲಿ ಮನೆಗಳಿಗೆ ಹೆಚ್ಚು ಬಳಕೆಯಲ್ಲಿರುವುದು ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ. ಬರಿಯ ಸಿಮೆಂಟ್ ಮರಳನ್ನು ಎರಡು ಮೂರು ಮಿ.ಮೀ. ಬಳಿದರೆ ಅದು ಒಣಗಿ ಕುಗ್ಗಿ ಸುರುಳಿ ಏಳುತ್ತದೆ. ಪಾಲಿಮರ್ ಅದಕ್ಕೆ ಅಂಟು, ಬಾಗುವ ಗುಣ ಮತ್ತು ನೀರು ತಡೆಯುವ ಶಕ್ತಿ ಕೊಡುತ್ತದೆ. ಹೊರಾಂಗಣಕ್ಕೆ ಅಕ್ರಿಲಿಕ್ ಒಳ್ಳೆಯದು, ಬಿಸಿಲಿಗೆ ಬಣ್ಣ ಕೆಡುವುದಿಲ್ಲ. ಸ್ಟೈರೀನ್-ಬ್ಯುಟಡೈಯೀನ್ ಅಂಟಿನಲ್ಲಿ ಗಟ್ಟಿ, ಆದರೆ ಬಿಸಿಲಿಗೆ ಹಳದಿಯಾಗುತ್ತದೆ. ಪಾಲಿವಿನೈಲ್ ಅಸಿಟೇಟ್ ಅಂಟು ಒದ್ದೆಯಾದರೆ ಮತ್ತೆ ಮೆತ್ತಗಾಗುವುದರಿಂದ ಹೊರಗಿನ ಕೆಲಸಕ್ಕೆ ಅದು ಬೇಡವೇ ಬೇಡ. ಸ್ಕ್ವೀಜಿಯಿಂದ ಎಳೆಯುವ ತೆಳುಲೇಪ ಎರಡು ಮೂರು ಮಿ.ಮೀ. ದಪ್ಪ, ಕಲ್ಲುಚಪ್ಪಡಿಯ ಅಚ್ಚು ಒತ್ತಬೇಕಾದರೆ 6ರಿಂದ 20 ಮಿ.ಮೀ. ಬೇಕು. ಅಚ್ಚೊತ್ತಿದ ಪದರ ನೋಡಲು ಚೆಂದವಾದರೂ ಅದರ ತಗ್ಗುಗಳಲ್ಲಿ ನಿಂತ ನೀರು ರಾತ್ರಿ ಗಡ್ಡೆಯಾಗುತ್ತದೆ ಎಂಬುದನ್ನು ಮಾದರಿಪುಸ್ತಕ ತೋರಿಸುವುದಿಲ್ಲ.

ಸವೆತ ಆಳವಾಗಿದ್ದು ಹಾಸು ಮಾತ್ರ ಭದ್ರವಾಗಿದ್ದರೆ 50 ಮಿ.ಮೀ. ಅಥವಾ ಅದಕ್ಕೂ ದಪ್ಪವಾಗಿ, ಸಣ್ಣಜಲ್ಲಿಯ, ಗಾಳಿಗುಳ್ಳೆಯಿರುವ ಹೊಸ ಕಾಂಕ್ರೀಟನ್ನೇ ಹಳೆಯದಕ್ಕೆ ಬೆಸೆಯಬಹುದು. ಚಳಿನಾಡಿಗೆ ನಿಜವಾಗಿ ನೆಚ್ಚಬಹುದಾದ ಮೇಲ್ಪದರ ಇದು. ಆದರೆ ಅಂಗಳದ ಮಟ್ಟ ಎರಡು ಅಂಗುಲ ಏರಲು ಗ್ಯಾರೇಜಿನ ಬಾಗಿಲು, ಬೀದಿಯ ಅಂಚು ಎಲ್ಲಿ ಬಿಡುತ್ತವೆ? ಹಾಗಾಗಿ ಇದು ಮನೆಗಳಲ್ಲಿ ಅಪರೂಪ.

ಎಪಾಕ್ಸಿಯ ವಿಷಯದಲ್ಲಿ ಹೊರಾಂಗಣಕ್ಕೆ ಎಚ್ಚರ ಬೇಕು. ಬರಿಯ ಎಪಾಕ್ಸಿ ತಾಪಕ್ಕೆ ಕಾಂಕ್ರೀಟಿಗಿಂತ ನಾಲ್ಕೈದು ಪಟ್ಟು ಹಿಗ್ಗಿ ಕುಗ್ಗುತ್ತದೆ. ಮೂರು ಮೀಟರ್ ಉದ್ದದ ಕಾಂಕ್ರೀಟ್ ಹಾಸು 40 ಡಿಗ್ರಿಯ ಏರಿಳಿತಕ್ಕೆ ಸುಮಾರು 1.2 ಮಿ.ಮೀ. ಚಲಿಸಿದರೆ, ಅದಕ್ಕಂಟಿದ ರಾಳ ಐದಾರು ಮಿ.ಮೀ. ಚಲಿಸಲು ಹವಣಿಸುತ್ತದೆ. ಆ ಜಗಳವೆಲ್ಲ ಅಂಟಿನ ಗೆರೆಯಲ್ಲಿ ನಡೆಯುತ್ತದೆ. ಮರಳು ತುಂಬಿದರೆ ಈ ಅಂತರ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಎತ್ತರದ ಬಿಸಿಲಿನ ಅತಿನೇರಳೆ ಕಿರಣಕ್ಕೆ ಎಪಾಕ್ಸಿ ಹಳದಿಯಾಗಿ ಪುಡಿಯೇಳುತ್ತದೆ. ಅದರ ಮೇಲೆ ಬಿಸಿಲು ತಡೆಯುವ ಪಾಲಿಯಾಸ್ಪಾರ್ಟಿಕ್ ಲೇಪ ಕೊಡುವುದು ಇದಕ್ಕೇ. ಕೆಳಗಿನಿಂದ ಏರುವ ತೇವಕ್ಕೆ ದಾರಿ ಮುಚ್ಚಿದರೆ ಲೇಪದ ಕೆಳಗೆ ಕಾಂಕ್ರೀಟ್ ನೆನೆದು, ಆ ಶೇ. 86ರ ಗೆರೆ ದಾಟುವ ಅಪಾಯವೂ ಇದೆ. ಸೂರಿನ ಕೆಳಗಿರುವ ಗ್ಯಾರೇಜಿನ ನೆಲಕ್ಕೆ ಇಂಥ ಲೇಪ ಒಪ್ಪುತ್ತದೆ, ಕಾರು ತೊಟ್ಟಿಕ್ಕಿಸುವ ಉಪ್ಪುನೀರಿನಿಂದ ಕಾಪಾಡುತ್ತದೆ. ಬಯಲಿನ ಡ್ರೈವ್‌ವೇಗೆ ಅದು ತಕ್ಕದ್ದಲ್ಲ. ಚಳಿಯಲ್ಲೇ ಗಟ್ಟಿಯಾಗುವ ಮೆಗ್ನೀಸಿಯಮ್ ಫಾಸ್ಫೇಟ್ ಸಿಮೆಂಟೂ ಉಂಟು. ದುಬಾರಿ, ಬೆರೆಸಿದ ಕೆಲವೇ ನಿಮಿಷಗಳಲ್ಲಿ ಕೈಮೀರಿ ಬಿಗಿಯುತ್ತದೆ. ಸೇತುವೆ, ವಿಮಾನದ ಓಡುದಾರಿಗಳ ತುರ್ತು ತೇಪೆಗೆ ಸರಿ.

ಯಾವ ಸಾಮಗ್ರಿಯಾದರೂ ಗೆಲ್ಲುವುದೂ ಸೋಲುವುದೂ ಮೈ ಸಿದ್ಧಪಡಿಸುವ ಹಂತದಲ್ಲಿ. ಸಡಿಲವಾದುದೆಲ್ಲ ಹೋಗಬೇಕು, ಎಣ್ಣೆ, ಹಳೆಯ ಸೀಲರ್, ಸಿಮೆಂಟ್ ಹಾಲಿನ ತೊಗಟೆ ಎಲ್ಲ ಹೋಗಬೇಕು. ನೀರಿನ ಹನಿ ಬಿಟ್ಟು ನೋಡಿದರೆ ಸಾಕು: ಹೀರಿಕೊಂಡರೆ ಮೈ ತೆರೆದಿದೆ, ಮುತ್ತಾಗಿ ನಿಂತರೆ ಸೀಲರ್ ಇನ್ನೂ ಇದೆ. ಅಂತರರಾಷ್ಟ್ರೀಯ ಕಾಂಕ್ರೀಟ್ ದುರಸ್ತಿ ಸಂಸ್ಥೆಯು ಮೇಲ್ಮೈಯ ಒರಟುತನವನ್ನು 1ರಿಂದ 10ರವರೆಗಿನ ಮಾದರಿಗಳಾಗಿ ವಿಂಗಡಿಸಿದೆ. ಆಮ್ಲದಿಂದ ತೊಳೆದ ಮೈ 1ರ ಮಟ್ಟದ್ದು. ತೆಳು ಸಿಮೆಂಟ್ ಪದರಕ್ಕೆ ಸಾಮಾನ್ಯವಾಗಿ 3ರಿಂದ 5 ಬೇಕು. ಮನೆಯವರು ಸುಲಭವೆಂದು ಹಿಡಿಯುವ ಆಮ್ಲದ ದಾರಿ ಹೀಗೆ ಮೊದಲೇ ಸೋತಿದೆ. ಸರಿಯಾಗಿ ತೊಳೆಯದಿದ್ದರೆ ಉಳಿದ ಲವಣ ಹೊಸ ಪದರದ ಅಂಟನ್ನೂ ಕೆಡಿಸುತ್ತದೆ. ಉಕ್ಕಿನ ಗುಂಡು ಎರಚುವ ಶಾಟ್‌ಬ್ಲಾಸ್ಟ್ ಯಂತ್ರ ಅಥವಾ ಜೋರಾದ ನೀರಿನ ಧಾರೆ ಒಳ್ಳೆಯವು. ಸುತ್ತಿಗೆಯಂತೆ ಕುಟ್ಟುವ ಯಂತ್ರಗಳು ಬೇಗ ಕೆಲಸ ಮಾಡಿದರೂ ಕೆಳಗಿನ ಕಾಂಕ್ರೀಟನ್ನು ಜಜ್ಜಿ ಕೂದಲೆಳೆ ಬಿರುಕು ಬಿಡುತ್ತವೆ, ಮುಂದೆ ಪದರ ಬಿಡುವುದು ಅದೇ ಗೆರೆಯಲ್ಲಿ. ಒಣ ಉಜ್ಜುವಿಕೆಯ ದೂಳು ಶ್ವಾಸಕೋಶಕ್ಕೆ ವಿಷ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2016ರಲ್ಲಿ ತಂದ ನಿಯಮ ಎಂಟು ತಾಸಿನ ಪಾಳಿಯಲ್ಲಿ ಸಿಲಿಕಾ ದೂಳನ್ನು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಮಿಗೆ ಮಿತಿಗೊಳಿಸುತ್ತದೆ.

ಗುಳಿಗಳಿಗೆ ತೇಪೆ ಹಾಕುವಾಗ ಅಂಚನ್ನು ಗರಗಸದಿಂದ ನೇರವಾಗಿ ಕೊಯ್ದು ಹತ್ತು ಮಿ.ಮೀ. ಆಸುಪಾಸು ಆಳ ಕೊಡಬೇಕು. ಸವರಿ ಸವರಿ ತೆಳುವಾಗಿ ಮುಗಿಸಿದ ಅಂಚು ಮೊದಲ ಚಳಿಗೇ ಒಡೆಯುತ್ತದೆ. ಸಿಮೆಂಟ್ ಪದರ ಹಾಕುವ ಮುನ್ನ ಹಳೆಯ ಮೈಯನ್ನು ಚೆನ್ನಾಗಿ ನೆನೆಸಿ, ನಿಂತ ನೀರನ್ನು ಒರೆಸಿ ತೆಗೆಯಬೇಕು: ಒಳಗೆ ತೇವ, ಮೇಲೆ ಹೊಳಪಿಲ್ಲ. ಒಣ ಹಾಸು ಹೊಸ ಗಾರೆಯ ನೀರನ್ನು ಹೀರುತ್ತದೆ. ಒಣಸೀಮೆಯಲ್ಲಿ ಈ ಒಂದು ತಪ್ಪಿನಿಂದ ಹಾಳಾದ ಪದರಗಳು ಬಹಳ. ಸಿಮೆಂಟ್ ಹಾಲು ಬಳಿದು ಅದು ಒಣಗಿದ ಮೇಲೆ ಪದರ ಹಾಕಿದರಂತೂ ಅಂಟಿಸಬೇಕಾದುದೇ ಬೇರ್ಪಡಿಸುತ್ತದೆ.

ಹಳೆಯ ಹಾಸಿನ ಜಾಯಿಂಟುಗಳನ್ನು ಹೊಸ ಪದರದಲ್ಲೂ ಅದೇ ಜಾಗದಲ್ಲಿ ಬಿಡಬೇಕು. ನಾಲ್ಕು ಅಂಗುಲದ ಹಾಸಿಗೆ 8ರಿಂದ 12 ಅಡಿಗೊಂದು ಜಾಯಿಂಟ್ ಇರುವುದು ರೂಢಿ. ಅದು ಚಲನೆಗೆಂದೇ ಬಿಟ್ಟ ದಾರಿ. ಮುಚ್ಚಿ ಒಂದೇ ಮೈ ಮಾಡಿದರೆ ಪದರ ತನ್ನ ದಾರಿಯನ್ನು ತಾನೇ ಸೀಳಿಕೊಳ್ಳುತ್ತದೆ.

ಕಾಲದ ಕಿಂಡಿ ಸಣ್ಣದು. ಹೆಚ್ಚಿನ ಸಾಮಗ್ರಿಗಳು ಗಾಳಿಯೂ ಹಾಸೂ 10 ಡಿಗ್ರಿಗಿಂತ ಮೇಲಿರಲಿ ಎನ್ನುತ್ತವೆ, ಹಗಲಷ್ಟೇ ಅಲ್ಲ ರಾತ್ರಿಯೂ. ಡೆನ್ವರಿನಲ್ಲಿ ಕೊನೆಯ ಹೆಪ್ಪು ಸಾಧಾರಣವಾಗಿ ಮೇ ಮೊದಲ ಭಾಗದಲ್ಲಿ, ಮೊದಲ ಹೆಪ್ಪು ಅಕ್ಟೋಬರ್ ಮೊದಲ ಭಾಗದಲ್ಲಿ. ನಡುವಿನ ಜುಲೈಯಲ್ಲಿ ಉಷ್ಣಾಂಶ 30 ಡಿಗ್ರಿ ದಾಟಿ, ಗಾಳಿ ಒಣಗಿ, ಮಧ್ಯಾಹ್ನ ಗುಡುಗುಮಳೆ ಹಠಾತ್ತನೆ ಬರುತ್ತದೆ. ಜೂನ್ ಮತ್ತು ಸೆಪ್ಟೆಂಬರಿನ ಮೊದಲ ಭಾಗವೇ ಹದವಾದ ಕಾಲ. ಸುಮಾರು 3,100 ಮೀಟರ್ ಎತ್ತರದ ಲೆಡ್‌ವಿಲ್ಲಿನಂಥ ಊರಲ್ಲಿ ಜುಲೈ ರಾತ್ರಿಯೂ 10 ಡಿಗ್ರಿಯ ಕೆಳಗಿಳಿಯುವುದರಿಂದ ಹೊದಿಸದೆ ಕೆಲಸವಿಲ್ಲ. ಮೇಲ್ಮೈಯಿಂದ ತಾಸಿಗೆ ಚದರ ಮೀಟರಿಗೆ ಒಂದು ಕಿಲೋಗ್ರಾಮಿನಷ್ಟು ನೀರು ಆರತೊಡಗಿದರೆ ಹಸಿಯಲ್ಲೇ ಬಿರುಕು ಬೀಳುತ್ತದೆ ಎಂಬುದು ಕೆಲಸಗಾರರ ಅಳತೆಗೋಲು. ಬಿಸಿಲು, ಗಾಳಿ, ಒಣಹವೆ ಸೇರಿದ ಪರ್ವತದ ಮಧ್ಯಾಹ್ನ ಅದನ್ನು ಸುಲಭವಾಗಿ ಮುಟ್ಟಿಬಿಡುತ್ತದೆ. ಬೆಳಗ್ಗೆ ಬೇಗ ಶುರುಮಾಡುವುದು, ಗಾಳಿಗೆ ಅಡ್ಡ ಕಟ್ಟುವುದು, ದಪ್ಪ ಪದರವಾದರೆ ಒದ್ದೆ ಗೋಣಿ ಅಥವಾ ಪ್ಲಾಸ್ಟಿಕ್ ಹಾಳೆಯಿಂದ ಕ್ಯೂರಿಂಗ್ ಮಾಡುವುದು ಇದಕ್ಕೆ ಪರಿಹಾರ. ಪಾಲಿಮರ್ ಹೆಚ್ಚಿರುವ ತೆಳುಲೇಪಕ್ಕೆ ಮಾತ್ರ ಸ್ವಲ್ಪ ಒಣಗುವ ಅವಕಾಶವೂ ಬೇಕು, ಆಗಲೇ ಪಾಲಿಮರ್ ಹಾಳೆಗಟ್ಟುವುದು. ನಮ್ಮ ಕಡೆಯ ನೀರುಣಿಸುವ ಅಭ್ಯಾಸವನ್ನು ಅಲ್ಲಿ ಕುರುಡಾಗಿ ಅನುಸರಿಸಬಾರದು.

ಮೆಟ್ಟಿಲುಗಳ ಸಮಸ್ಯೆ ತುಸು ಸೂಕ್ಷ್ಮ. ಸಲಿಕೆಯ ಪೆಟ್ಟು, ಎರಚಿದ ಉಪ್ಪು, ಎರಡು ಕಡೆಯ ಚಳಿ ಎಲ್ಲ ಸೇರಿ ಮೂಗಂಚು ಮೊದಲು ಉದುರುತ್ತದೆ. ಕಟಕಟೆಯ ಕಬ್ಬಿಣದ ಕಂಬ ಹೂತ ಜಾಗದಲ್ಲಿ ಉಪ್ಪುನೀರು ಇಳಿದು ತುಕ್ಕು ಹಿಗ್ಗಿ ಮೂಲೆಯನ್ನೇ ಒಡೆಯುತ್ತದೆ. ಕಂಬ ತೆಗೆಯದೆ ಗಾರೆ ಮೆತ್ತಿದರೆ ಉಪಯೋಗವಿಲ್ಲ. ಇನ್ನು ಎತ್ತರದ ಲೆಕ್ಕ. ಅಮೆರಿಕದ ವಸತಿ ಕಟ್ಟಡ ಸಂಹಿತೆ ಒಂದೇ ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ ಸುಮಾರು 9.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಒಪ್ಪುವುದಿಲ್ಲ. ಮೇಲಿನ ಜಗಲಿಗೆ ಮಾತ್ರ ದಪ್ಪ ಪದರ ಹಾಕಿದರೆ ಕೊನೆಯ ಹೆಜ್ಜೆ ಎಡವುವ ಹೆಜ್ಜೆಯಾಗುತ್ತದೆ.

ಸಮತಟ್ಟು ಹಾಸಿನಲ್ಲಿ ವಾಟವೇ ಮುಖ್ಯ. ಅಡಿಗೆ ಕಾಲಂಗುಲ, ಅಂದರೆ ಶೇ. 2ರಷ್ಟು ಇಳಿಜಾರು ಮನೆಯಿಂದ ಹೊರಗೆ ಇರಬೇಕು. ವಾಟ ಕೆಟ್ಟು ಮನೆಯ ಕಡೆಗೆ ವಾಲಿದ ಹಾಸಿಗೆ ಮೇಲ್ಪದರ ಬಳಿಯುವುದು ದುಡ್ಡನ್ನು ಕೊಚ್ಚೆಗೆ ಸುರಿದಂತೆ. ಅಂಥ ಹಾಸು ಬಿರುಕಿಲ್ಲದೆ ತಗ್ಗಿದ್ದರೆ, ತೂತು ಕೊರೆದು ಕೆಳಗೆ ಗಾರೆಕೆಸರು ಅಥವಾ ಪಾಲಿಯುರೆಥೇನ್ ನೊರೆ ತುಂಬಿ ಎತ್ತುವ ಪದ್ಧತಿಯಿದೆ. ಮೊದಲು ಎತ್ತಿ ಆಮೇಲೆ ಮೇಲ್ಪದರ ಹಾಕುವುದು ಸರಿಯಾದ ಕ್ರಮ. ಉಬ್ಬುವ ಜೇಡಿಯ ಮೇಲೆ ಈ ಎತ್ತುವಿಕೆಯೂ ಕೆಲಕಾಲದ್ದು, ಏಕೆಂದರೆ ಅಲ್ಲಿ ನೆಲ ತಗ್ಗುವುದು ಮಾತ್ರವಲ್ಲ, ಏಳುವುದೂ ಇದೆ. ಚಾವಣಿಯ ಕೊಳವೆಯನ್ನು ಹಾಸಿನಾಚೆಗೆ ಉದ್ದಮಾಡುವುದು, ಸ್ಪ್ರಿಂಕ್ಲರಿನ ಬಾಯಿ ತಿರುಗಿಸುವುದು ಇಂಥ ಸಣ್ಣ ಕೆಲಸಗಳು ಮೇಲ್ಪದರಕ್ಕಿಂತ ಅಗ್ಗ, ಅದಕ್ಕಿಂತ ಮೊದಲು ಆಗಬೇಕಾದವು.

ಪದರ ಬಲಿತ ಮೇಲೆ ಸೀಲರ್. ಇದರಲ್ಲಿ ಎರಡು ಜಾತಿ. ಅಕ್ರಿಲಿಕ್ ಸೀಲರ್ ಮೇಲೆ ಹೊಳೆಯುವ ಪೊರೆ ಕಟ್ಟುತ್ತದೆ. ಒಳಗಿನ ತೇವ ಸಿಕ್ಕಿ ಬಿಳಿಚುತ್ತದೆ, ಹಿಮ ಬಿದ್ದಾಗ ಕಾಲು ಜಾರಿಸುತ್ತದೆ. ಸೈಲೇನ್, ಸೈಲಾಕ್ಸೇನುಗಳು ಒಳಗಿಳಿದು ರಂಧ್ರದ ಗೋಡೆಗಳಿಗೆ ನೀರು ಅಂಟದಂತೆ ಮಾಡುತ್ತವೆ: ದ್ರವವಾಗಿ ನೀರು ಒಳಬರಲಾರದು, ಆವಿಯಾಗಿ ಹೊರಹೋಗಬಹುದು. ಸೇತುವೆಗಳಿಗಾಗಿ ಅಮೆರಿಕದಲ್ಲಿ ನಡೆದು 1981ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಸೈಲೇನಿಗೆ ಒಳ್ಳೆಯ ಅಂಕ ಸಿಕ್ಕಿತ್ತು. ನೋಡಲು ಏನೂ ಬದಲಾಗದ್ದರಿಂದ ಮನೆಯವರಿಗೆ ದುಡ್ಡು ವ್ಯರ್ಥವಾಯಿತೆನಿಸಬಹುದು, ಆದರೆ ಈ ಹವೆಗೆ ಸರಿಯಾದದ್ದು ಇದೇ. ಕೆಲವು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಹಿಂದೆ ಬೇಯಿಸಿದ ಅಗಸೆ ಎಣ್ಣೆಯನ್ನು ದ್ರಾವಕದಲ್ಲಿ ಬೆರೆಸಿ ಬಳಿಯುವ ಪದ್ಧತಿಯೂ ಇತ್ತು.

ದುರಸ್ತಿ ಯಾರ ತಲೆಗೆ ಎಂಬುದು ಊರೂರಿಗೆ ಬೇರೆ. ಡೆನ್ವರಿನಲ್ಲಿ ಮನೆಯ ಮುಂದಿನ ಫುಟ್‌ಪಾತಿನ ದುರಸ್ತಿ ಬಹುಕಾಲ ಮನೆಯವರ ಹೊಣೆಯಾಗಿತ್ತು. 2022ರ ನವೆಂಬರಿನಲ್ಲಿ ಮತದಾರರು ಅದನ್ನು ಶುಲ್ಕದ ಮೇಲೆ ನಗರಾಡಳಿತಕ್ಕೆ ವರ್ಗಾಯಿಸಲು ಒಪ್ಪಿದರು. ಹಿಮ ಗುಡಿಸುವ ಹೊಣೆ ಮಾತ್ರ ಮನೆಯವರದೇ. ಶ್ರೀಮಂತ ಸ್ಕೀ ಪಟ್ಟಣವಾದ ವೇಲ್‌ನಲ್ಲಿ ಪಾದಚಾರಿ ಬೀದಿಗಳ ಅಡಿಯಲ್ಲಿ ಬಿಸಿದ್ರವದ ಕೊಳವೆಗಳಿದ್ದು ಹಿಮ ಬಿದ್ದಂತೆ ಕರಗುತ್ತದೆ. ಕೆಲವು ಸಿರಿವಂತರ ಡ್ರೈವ್‌ವೇಗಳಲ್ಲೂ ಅದೇ ಏರ್ಪಾಡು. ಅಂಥ ಹಾಸನ್ನು ಕೊರೆಯುವ, ಉಜ್ಜುವ ಮೊದಲು ಕೊಳವೆಯ ಆಳ ತಿಳಿಯದಿದ್ದರೆ ಆಪತ್ತು.

ಹಾಸು ಆಳದಿಂದ ಕೆಟ್ಟಿದ್ದರೆ, ಮಟ್ಟ ತಪ್ಪಿದ್ದರೆ, ಸುತ್ತಿಗೆ ಎಲ್ಲೆಡೆ ಟೊಳ್ಳು ಹೇಳಿದರೆ ಒಡೆದು ಹೊಸದು ಹಾಕುವುದೇ ಸರಿ. ಆಗ ಕೇಳಿ ಪಡೆಯಬೇಕಾದ ಗುಣಗಳು ಸ್ಪಷ್ಟವಾಗಿವೆ: ಸುಮಾರು 31 ಮೆಗಾಪ್ಯಾಸ್ಕಲ್ ಬಲ, ನೀರು–ಸಿಮೆಂಟ್ ಪ್ರಮಾಣ 0.45 ಮೀರದಂತೆ, 20 ಮಿ.ಮೀ. ಆಸುಪಾಸಿನ ಜಲ್ಲಿಗೆ ಶೇ. 6ರಷ್ಟು ಗಾಳಿ, ಕೆಳಗೆ ಗಟ್ಟಿಸಿದ ಜಲ್ಲಿಹಾಸು, ಮನೆಯ ಗೋಡೆಗೂ ಹಾಸಿಗೂ ನಡುವೆ ಬೇರ್ಪಡಿಸುವ ಜಾಯಿಂಟ್, ಪೊರಕೆ ಎಳೆದ ಮೈ. ಲಾರಿಯಿಂದ ಇಳಿಸುವಾಗ ಹರಿಯಲೆಂದು ನೀರು ಸೇರಿಸಿದರೆ ಈ ಅಂಕಿಗಳೆಲ್ಲ ಕಾಗದದಲ್ಲೇ ಉಳಿಯುತ್ತವೆ. ಹೊಸ ಹಾಸಾಗಲಿ ಹೊಸ ಮೇಲ್ಪದರವಾಗಲಿ ಮೊದಲ ಚಳಿಗಾಲದಲ್ಲಿ ಹಿಮ ಕರಗಿಸುವ ಉಪ್ಪನ್ನು ಮುಟ್ಟಬಾರದು. ಪ್ಲಾಸ್ಟಿಕ್ ಅಂಚಿನ ಸಲಿಕೆಯಿಂದ ಹಿಮವನ್ನು ಬಿದ್ದ ಕೂಡಲೇ ಎತ್ತಿ, ಜಾರುವ ಕಡೆ ಮರಳು ಎರಚಿ, ವಸಂತದಲ್ಲಿ ಅಂಗಳವನ್ನೂ ಗ್ಯಾರೇಜಿನ ನೆಲವನ್ನೂ ಸಿಹಿನೀರಿನಿಂದ ತೊಳೆಯಬೇಕು.